ಒಂದೇ ಹೆಸರಿನ ಮೂರು ಅಂಗಡಿ ಮತ್ತು ಒಂದೇ ಒಂದು ಡಾಟ್ ಕಾಂ

ನಮ್ಮ ಬಡಾವಣೆಯಲ್ಲಿ ಅರ್ಧ ಕಿಲೋಮೀಟರ್ ನಡೆದರೆ ಮೂರು 'ಶ್ರೀ ಮಂಜುನಾಥ ಪ್ರಾವಿಷನ್ ಸ್ಟೋರ್ಸ್' ಸಿಗುತ್ತವೆ. ಮೂವರು ಮಾಲೀಕರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟಿಲ್ಲ, ಗಿರಾಕಿಗಳಿಗೂ ಗೊಂದಲವಿಲ್ಲ. ಒಂದು 'ಮೂಲೆ ಮಂಜುನಾಥ', ಇನ್ನೊಂದು 'ವಾಟರ್ ಟ್ಯಾಂಕ್ ಮಂಜುನಾಥ', ಮೂರನೆಯದು 'ಹಾಲಿನ ಬೂತ್ ಪಕ್ಕದ್ದು'. ಉಡುಪಿ ಹೋಟೆಲುಗಳ ವಿಷಯವಂತೂ ಹೇಳುವುದೇ ಬೇಡ. ಊರೂರಿಗೂ ಒಂದು ಕೃಷ್ಣ ಭವನ ಇದ್ದೇ ಇದೆ. ಧಾರವಾಡದ ಕೃಷ್ಣ ಭವನದವರು ಹಾಸನದ ಕೃಷ್ಣ ಭವನದವರ ಮೇಲೆ ಕೇಸು ಹಾಕಲು ಹೋಗುವುದಿಲ್ಲ.

ಈ ಮೂವರು ಮಂಜುನಾಥರಲ್ಲಿ ಒಬ್ಬರು ವೆಬ್‌ಸೈಟ್ ಮಾಡಿಸಲು ಹೊರಟರು ಅಂತಿಟ್ಟುಕೊಳ್ಳಿ. ಪಂಚಾಯ್ತಿ ಶುರುವಾಗೋದು ಅಲ್ಲೇ. ರಸ್ತೆಯಲ್ಲಿ ಮೂರು ಬೋರ್ಡಿಗೆ ಜಾಗ ಇದೆ, ಆದರೆ ಜಗತ್ತಿಗೆಲ್ಲ ಸೇರಿ ಮಂಜುನಾಥಸ್ಟೋರ್ಸ್ ಡಾಟ್ ಕಾಂ ಅನ್ನೋದು ಒಂದೇ ಒಂದು. ನನ್ನಂಥ ಸಾಫ್ಟ್‌ವೇರ್ ಮಂದಿಗೆ ಪರಿಚಯದವರು 'ನಮ್ಮ ಅಂಗಡಿಗೊಂದು ಒಳ್ಳೇ ಡಾಟ್ ಕಾಂ ಹೆಸರು ಹುಡುಕಿ ಕೊಡಪ್ಪ' ಅಂತ ಆಗಾಗ ಕೇಳುತ್ತಾರೆ. ಹುಡುಕಿ ಕೊಡೋದು ಹತ್ತು ನಿಮಿಷದ ಕೆಲಸ. ಆದರೆ ಆ ಹೆಸರು ನಿಜಕ್ಕೂ ಯಾರದ್ದು, ದುಡ್ಡು ಕೊಟ್ಟು ನೋಂದಾಯಿಸಿದ ಮಾತ್ರಕ್ಕೆ ನಮ್ಮದಾಗುತ್ತದಾ ಅನ್ನುವ ಪ್ರಶ್ನೆಗೆ ಮೂವತ್ತು ವರ್ಷದ ಜಗಳದ ಇತಿಹಾಸವೇ ಇದೆ. ಅದರಲ್ಲಿ ಬಹಳ ಮುಖ್ಯವಾದ ಒಂದು ಜಗಳ ಶುರುವಾಗಿದ್ದು ನಮ್ಮ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ! ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ :)

ಮೊದಲಿಗೆ ಇದೆಲ್ಲ ಹೆಸರಿನ ವ್ಯವಹಾರವೇ ಆಗಿರಲಿಲ್ಲ, ಬರೀ ವಿಳಾಸದ ವ್ಯವಹಾರ. 1970ರ ದಶಕದ ಅರ್ಪಾನೆಟ್‌ನಲ್ಲಿ ಪ್ರತಿ ಕಂಪ್ಯೂಟರಿಗೂ ಅಂಕಿಯ ವಿಳಾಸವಿತ್ತು. ಮನುಷ್ಯರಿಗೆ ಅಂಕಿ ನೆನಪಿರುವುದಿಲ್ಲವಲ್ಲ, ಅದಕ್ಕೆ ಒಂದೊಂದು ಅಡ್ಡಹೆಸರು. ಯಾವ ಹೆಸರಿಗೆ ಯಾವ ಅಂಕಿ ಅನ್ನುವ ಪಟ್ಟಿ ಒಂದೇ ಒಂದು ಫೈಲಿನಲ್ಲಿತ್ತು. ಅದನ್ನು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಬಂತಾ? ಅವರಿಗೆ ತಿಳಿಸಿ, ಅವರು ಫೈಲಿಗೆ ಸೇರಿಸುತ್ತಾರೆ, ಉಳಿದವರೆಲ್ಲ ಆ ಫೈಲನ್ನು ಇಳಿಸಿಕೊಳ್ಳುತ್ತಾರೆ. ಹಳ್ಳಿಯ ಪೋಸ್ಟ್ ಮಾಸ್ಟರಿಗೆ ಎಲ್ಲರ ಮನೆಯೂ ಗೊತ್ತಿರುತ್ತದಲ್ಲ, ಹಾಗೆ.

ಹಳ್ಳಿ ಊರಾಯಿತು, ಊರು ಪಟ್ಟಣವಾಯಿತು, ಫೈಲು ಸಾಲದಾಯಿತು. 1983ರ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಈಗ ನಾವು ಬಳಸುವ ಡೊಮೈನ್ ಹೆಸರಿನ ವ್ಯವಸ್ಥೆಯ ನೀಲನಕ್ಷೆ ಬರೆದರು. ಮರದ ಹಾಗೆ ಕೊಂಬೆಗಳು, ಪ್ರತಿ ಕೊಂಬೆಗೂ ಒಬ್ಬ ಜವಾಬ್ದಾರ. 1984ರ ಅಕ್ಟೋಬರಿನಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಬರೆದ ಟಿಪ್ಪಣಿಯಲ್ಲಿ ಕಾಂ, ಎಜು, ಗವ್, ಮಿಲ್, ಆರ್ಗ್ ಎಂಬ ಕೊಂಬೆಗಳು ಗೊತ್ತಾದವು. ಕಾಂ ಅಂದರೆ ಕಮರ್ಷಿಯಲ್. ವ್ಯಾಪಾರಿ ಸಂಸ್ಥೆಗಳಿಗೆ ಅಂತ ಮೀಸಲಿಟ್ಟ ಕೊಂಬೆ, ಆದರೆ ಅಲ್ಲಿ ವ್ಯಾಪಾರಿಗಳೇ ಇರಲಿಲ್ಲ! ಮೊದಲ ಡಾಟ್ ಕಾಂ ನೋಂದಣಿ 1985ರ ಮಾರ್ಚ್ 15ಕ್ಕೆ. ಲಿಸ್ಪ್ ಕಂಪ್ಯೂಟರುಗಳನ್ನು ಮಾಡುತ್ತಿದ್ದ ಸಿಂಬಾಲಿಕ್ಸ್ ಎಂಬ ಕಂಪನಿಯದು. ಆ ಇಡೀ ವರ್ಷದಲ್ಲಿ ಡಾಟ್ ಕಾಂ ಪಡೆದವರು ಬೆರಳೆಣಿಕೆಯ ಮಂದಿ. ಮೈಕ್ರೋಸಾಫ್ಟ್‌ನವರು ಬಂದಿದ್ದು 1991ರಲ್ಲಿ. ಈಗ ಡಾಟ್ ಕಾಂ ಹೆಸರುಗಳೇ 15 ಕೋಟಿಗೂ ಜಾಸ್ತಿ ಇವೆ.

ಆ ಕಾಲದ ಎಂಜಿನಿಯರುಗಳ ತಲೆಯಲ್ಲಿ ಹೆಸರು ಅಂದರೆ ಏನಿತ್ತು ಅಂತ ತಿಳಿಯಬೇಕಾದರೆ 1990ರಲ್ಲಿ ಡಾನ್ ಲಿಬ್ಸ್ ಬರೆದ ಒಂದು ಆರ್‌ಎಫ್‌ಸಿ ಇದೆ, ನಿಮ್ಮ ಕಂಪ್ಯೂಟರಿಗೆ ಹೆಸರು ಆರಿಸುವುದು ಹೇಗೆ ಅಂತ. ಬಣ್ಣಗಳ ಹೆಸರಿಡಿ, ಪುರಾಣದ ಊರುಗಳ ಹೆಸರಿಡಿ ಅನ್ನುವಂಥ ಸಲಹೆಗಳು. ಓದಿದರೆ ನಾಮಕರಣದ ಮನೆಯ ಗಲಾಟೆ ನೆನಪಾಗುತ್ತದೆ. ಅದರಲ್ಲಿ ಟ್ರೇಡ್‌ಮಾರ್ಕ್ ವಕೀಲರ ನೆರಳೂ ಇಲ್ಲ.

ಪೋಸ್ಟೆಲ್‌ಗೆ ಮಾತ್ರ ಅಪಾಯದ ವಾಸನೆ ಹೊಡೆದಿತ್ತು ಅನ್ನಿಸುತ್ತದೆ. 1994ರ ಮಾರ್ಚಿನ ಆರ್‌ಎಫ್‌ಸಿ 1591ರಲ್ಲಿ ಅವರು ಸ್ಪಷ್ಟವಾಗಿ ಬರೆದರು: ಡೊಮೈನ್ ನೋಂದಾಯಿಸಿಕೊಂಡ ಮಾತ್ರಕ್ಕೆ ಆ ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಹಕ್ಕು ಬರುವುದಿಲ್ಲ, ಬೇರೆಯವರ ಹಕ್ಕಿಗೆ ಧಕ್ಕೆಯಾಗದಂತೆ ನೋಡಿಕೊಳ್ಳುವ ಹೊಣೆ ಕೇಳಿದವರದ್ದೇ. ಯಂತ್ರದ ನಿಯಮ ಮಾತ್ರ ಬಹಳ ಸರಳ. ಮೊದಲು ಬಂದವರಿಗೆ ಮೊದಲು. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ.

ಕರ್ಚೀಫ್ ಹಾಕುವವರು ಬರಲು ತಡವಾಗಲಿಲ್ಲ. ಅದೇ 1994ರಲ್ಲಿ ಜೋಶುವಾ ಕ್ವಿಟ್ನರ್ ಎಂಬ ಪತ್ರಕರ್ತ ಮೆಕ್‌ಡೊನಾಲ್ಡ್ಸ್ ಡಾಟ್ ಕಾಂ ಖಾಲಿ ಇರುವುದನ್ನು ನೋಡಿ ಆ ಕಂಪನಿಗೇ ಫೋನ್ ಮಾಡಿದರು. ಅಲ್ಲಿ ಯಾರಿಗೂ ವಿಷಯ ಅರ್ಥವಾಗಲಿಲ್ಲ. ಸರಿ ಅಂತ ತಾವೇ ನೋಂದಾಯಿಸಿಕೊಂಡು, ವೈರ್ಡ್ ಪತ್ರಿಕೆಯಲ್ಲಿ ಆ ಕಥೆ ಬರೆದು, ಈ ಹೆಸರನ್ನು ಏನು ಮಾಡಲಿ ಅಂತ ಓದುಗರನ್ನೇ ಕೇಳಿದರು. ಕೊನೆಗೆ ಬ್ರೂಕ್ಲಿನ್‌ನ ಒಂದು ಸರ್ಕಾರಿ ಶಾಲೆಗೆ ಇಂಟರ್ನೆಟ್ ಸೌಲಭ್ಯಕ್ಕಾಗಿ ಕಂಪನಿ 3,500 ಡಾಲರ್ ಕೊಟ್ಟಿತು, ಹೆಸರು ಕಂಪನಿಗೆ ಹೋಯಿತು. ಅದೇ ವರ್ಷ ಪ್ರಿನ್ಸ್‌ಟನ್ ರಿವ್ಯೂ ಎಂಬ ಕೋಚಿಂಗ್ ಕಂಪನಿ ತನ್ನ ಎದುರಾಳಿ ಕಪ್ಲಾನ್‌ನ ಹೆಸರನ್ನು ತಾನೇ ನೋಂದಾಯಿಸಿಕೊಂಡು, 'ಒಂದು ಕೇಸ್ ಬಿಯರ್ ಕೊಡಿ, ಹೆಸರು ಬಿಟ್ಟುಕೊಡ್ತೀವಿ' ಅಂದಿತು. ಕಪ್ಲಾನ್‌ನವರು ಬಿಯರ್ ಕೊಡಲಿಲ್ಲ, ಮಧ್ಯಸ್ಥಿಕೆಗೆ ಹೋಗಿ ಹೆಸರು ಪಡೆದರು. ಆಗಿನ್ನೂ ಎಲ್ಲ ತಮಾಷೆಯಾಗಿತ್ತು. ಯಾಕೆಂದರೆ ಹೆಸರು ಪುಕ್ಕಟೆ ಸಿಗುತ್ತಿತ್ತು.

1995ರ ಸೆಪ್ಟೆಂಬರಿನಿಂದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಹಾಕಿತು. ಶುಲ್ಕ ಹಾಕಿದರೆ ಕರ್ಚೀಫ್ ಹಾಕುವವರು ಕಮ್ಮಿಯಾಗಬೇಕಿತ್ತು. ಆಗಲಿಲ್ಲ. ಇಲಿನಾಯ್‌ನ ಡೆನಿಸ್ ಟೋಪನ್ ಸುಮಾರು ನೂರು ಹೆಸರಾಂತ ಕಂಪನಿಗಳ ಹೆಸರನ್ನು ಗುಡ್ಡೆ ಹಾಕಿಕೊಂಡ. ಅದರಲ್ಲೊಂದು ಸಿನಿಮಾ ಕ್ಯಾಮೆರಾ ಕಂಪನಿ ಪ್ಯಾನವಿಷನ್‌ನದು. ಆ ತಾಣದಲ್ಲಿ ಅವನು ಹಾಕಿದ್ದು ಪ್ಯಾನಾ ಎಂಬ ಸಣ್ಣ ಊರಿನ ಫೋಟೋಗಳು. ಊರಿನ ಹೆಸರು ಪ್ಯಾನಾ, ಅದರ ನೋಟ ಪ್ಯಾನಾ-ವಿಷನ್! ತಲೆ ಮೆಚ್ಚಲೇಬೇಕು. ಹೆಸರು ಬಿಟ್ಟುಕೊಡಲು ಕೇಳಿದ್ದು 13,000 ಡಾಲರ್. 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಪ್ಯಾನವಿಷನ್ ಪರ ತೀರ್ಪು ಕೊಟ್ಟಿತು. ಹೆಸರು ಮಾರುವುದೇ ನಿನ್ನ ಧಂದೆ, ಆದ್ದರಿಂದ ಇದು ಬರೀ ವಿಳಾಸ ಅನ್ನಬೇಡ ಅಂತ ಅದರ ತಾತ್ಪರ್ಯ.

ಹಾಗಂತ ಎಲ್ಲರೂ ಬೇರೆಯವರ ಹೆಸರು ಕದಿಯುತ್ತಿದ್ದರು ಅಂತಲ್ಲ. ಜೆಫ್ ಬೆಜೋಸ್ 1994ರಲ್ಲಿ ಕಂಪನಿಗೆ ಮೊದಲು ಇಟ್ಟಿದ್ದು ಕಡಾಬ್ರ ಅಂತ, ಅಬ್ರಕಡಾಬ್ರದ ಬಾಲ. ಫೋನಿನಲ್ಲಿ ವಕೀಲರಿಗೆ ಅದು 'ಕಡಾವರ್' ಅಂತ ಕೇಳಿಸಿತು, ಅಂದರೆ ಹೆಣ. ಅಂಗಡಿಗೆ ಹೆಣ ಅಂತ ಹೆಸರಿಟ್ಟರೆ ಯಾರು ಬರ್ತಾರೆ ಮಾರಾಯ್ರೆ? ಆಮೇಲೆ ಅಮೆಜಾನ್ ಬಂತು. ದೊಡ್ಡ ನದಿ ಅನ್ನೋದು ಒಂದು ಕಾರಣ, ಆಗಿನ ವೆಬ್ ಪಟ್ಟಿಗಳು ಅಕ್ಷರಮಾಲೆಯ ಕ್ರಮದಲ್ಲಿ ಇರುತ್ತಿದ್ದವು ಅನ್ನೋದು ಇನ್ನೊಂದು. ನಮ್ಮಲ್ಲಿ ಟೆಲಿಫೋನ್ ಡೈರೆಕ್ಟರಿ ಕಾಲದಲ್ಲಿ 'ಎ-1' ಅಂತ ಹೆಸರಿಡುತ್ತಿದ್ದರಲ್ಲ, ಅದೇ ಉಪಾಯ.

ಈಗ ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಕಾಡುವ ಮನುಷ್ಯನ ವಿಷಯಕ್ಕೆ ಬರುತ್ತೇನೆ.

ಉಝಿ ನಿಸಾನ್. ಜೆರುಸಲೇಮಿನಲ್ಲಿ ಹುಟ್ಟಿ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಬಂದು ನೆಲೆಸಿದವರು. ನಿಸಾನ್ ಅವರ ಮನೆತನದ ಹೆಸರು. ಹೀಬ್ರೂ ಪಂಚಾಂಗದಲ್ಲಿ ಒಂದು ತಿಂಗಳ ಹೆಸರೂ ಹೌದು, ನಮ್ಮ ಚೈತ್ರದ ಆಸುಪಾಸಿನಲ್ಲಿ ಬರುತ್ತದೆ. 1980ರಲ್ಲಿ ಈತ ತನ್ನ ಹೆಸರಿನಲ್ಲೇ ವಿದೇಶಿ ಕಾರುಗಳ ರಿಪೇರಿ ಕೆಲಸ ಶುರು ಮಾಡಿದರು. ಆಗ ಅಮೆರಿಕದಲ್ಲಿ ಜಪಾನಿನ ಆ ಕಂಪನಿಯ ಕಾರುಗಳು ಓಡುತ್ತಿದ್ದುದು ಡಾಟ್ಸನ್ ಎಂಬ ಹೆಸರಿನಲ್ಲಿ. ಡಾಟ್ಸನ್ ಅನ್ನುವುದನ್ನು ಬಿಟ್ಟು ನಿಸಾನ್ ಅಂತ ಬದಲಾಯಿಸುತ್ತೇವೆ ಅಂತ ಕಂಪನಿ ಹೇಳಿದ್ದು 1981ರಲ್ಲಿ. 1991ರಲ್ಲಿ ಉಝಿ ನಿಸಾನ್ ಕಂಪ್ಯೂಟರ್ ಎಂಬ ಅಂಗಡಿ ತೆರೆದರು, 1994ರಲ್ಲಿ ನಿಸಾನ್ ಡಾಟ್ ಕಾಂ ನೋಂದಾಯಿಸಿದರು. ಕಾರು ಕಂಪನಿಗೆ ಆಗ ಇದರ ಗೊಡವೆ ಇರಲಿಲ್ಲ. 1995ರಲ್ಲಿ ಒಂದು ಪತ್ರ ಬರೆದರು, ಅಷ್ಟೇ, ಸುಮ್ಮನಾದರು.

1999ರಲ್ಲಿ ಉಝಿ ತಮ್ಮ ತಾಣದಲ್ಲಿ ಜಾಹೀರಾತು ಹಾಕಿಕೊಂಡರು, ಅದರಲ್ಲಿ ಕಾರಿಗೆ ಸಂಬಂಧಪಟ್ಟವೂ ಇದ್ದವು. ಅದೇ ಡಿಸೆಂಬರಿನಲ್ಲಿ ಕಾರು ಕಂಪನಿ ಕೇಸು ಹಾಕಿತು. ಕೇಳಿದ ಪರಿಹಾರ 1 ಕೋಟಿ ಡಾಲರ್. ಒಂದು ಸಣ್ಣ ಕಂಪ್ಯೂಟರ್ ಅಂಗಡಿಯ ಮೇಲೆ! ಸರಿಯಾಗಿ ಅದರ ಹಿಂದಿನ ತಿಂಗಳಷ್ಟೇ ಅಮೆರಿಕದಲ್ಲಿ ಡೊಮೈನ್ ಹೆಸರು ಕಬಳಿಸುವವರ ವಿರುದ್ಧ ಹೊಸ ಕಾನೂನು ಬಂದಿತ್ತು. ಟೋಪನ್ ಥರದವರಿಗೆ ಅಂತ ಹೆಣೆದ ಬಲೆ, ಬೀಸಿದ್ದು ಈ ಮನುಷ್ಯನ ಮೇಲೆ.

ಕೇಸು ಹತ್ತಿರ ಹತ್ತಿರ ಎಂಟು ವರ್ಷ ಎಳೆಯಿತು. ಕೆಳಗಿನ ಕೋರ್ಟು ಒಂದು ಹಂತದಲ್ಲಿ ನಿಸಾನ್ ಡಾಟ್ ಕಾಂನಲ್ಲಿ ವ್ಯಾಪಾರವನ್ನೇ ಮಾಡಬಾರದು, ಕಾರು ಕಂಪನಿಯನ್ನು ಹೀಗಳೆಯುವ ಮಾತನ್ನೂ ಹಾಕಬಾರದು ಅಂದಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಬಿಡಿಸಿ ನೋಡಿತು. ಕಾರಿನ ಜಾಹೀರಾತು ಹಾಕಿದ್ದು ತಪ್ಪು, ಸರಿ. ಆದರೆ ಟೀಕೆ ಮಾಡಬಾರದು ಅನ್ನುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ. ಇನ್ನು ನಿಸಾನ್ ಎಂಬ ಗುರುತು ಖ್ಯಾತವಾಗಿತ್ತಾ ಅನ್ನುವ ಪ್ರಶ್ನೆಯನ್ನು ಕೇಳಬೇಕಾದ್ದು ಉಝಿ ಕಂಪ್ಯೂಟರ್ ವ್ಯಾಪಾರಕ್ಕೆ ಆ ಹೆಸರನ್ನು ಮೊದಲು ಬಳಸಿದ 1991ರ ಲೆಕ್ಕದಲ್ಲಿ. ಡೊಮೈನ್ ತೆಗೆದುಕೊಂಡ ದಿನವನ್ನಲ್ಲ, ಅಂಗಡಿಗೆ ಆ ಹೆಸರಿಟ್ಟ ದಿನವನ್ನು ನ್ಯಾಯಾಲಯ ಹಿಡಿದುಕೊಂಡಿತು, ಗಮನಿಸಿ. ಕೊನೆಗೂ ಹೆಸರು ಉಝಿ ಕೈಯಲ್ಲೇ ಉಳಿಯಿತು. ಕಾರು ಕಂಪನಿ ನಿಸಾನ್‌ಯುಎಸ್‌ಎ ಡಾಟ್ ಕಾಂ ಇಟ್ಟುಕೊಂಡು ಅಮೆರಿಕದಲ್ಲಿ ವ್ಯವಹಾರ ಮಾಡಿತು.

ಆದರೆ ಗೆದ್ದವರ ಕೈಯಲ್ಲಿ ಏನಿತ್ತು? ವಕೀಲರ ಖರ್ಚಿನಲ್ಲಿ ಅಂಗಡಿ ಸೊರಗಿತ್ತು. ತಾಣದಲ್ಲಿ ವ್ಯಾಪಾರಕ್ಕಿಂತ ಕೇಸಿನ ಕಥೆಯೇ ಜಾಸ್ತಿ. ನಿಸಾನ್ ಡಾಟ್ ಕಾಂ ತೆರೆದು ಕಾರು ನೋಡಲು ಹೋದವರಿಗೆ ಕೋರ್ಟಿನ ಕಡತ ಕಾಣಿಸುತ್ತಿತ್ತು. ಉಝಿ 2020ರ ಜುಲೈನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅಪ್ಪ ಕೊಟ್ಟ ಹೆಸರನ್ನು ತನ್ನ ಅಂಗಡಿಗೆ ಇಟ್ಟುಕೊಳ್ಳಲು ಒಬ್ಬ ಮನುಷ್ಯ ಬದುಕಿನ ಅಷ್ಟು ವರ್ಷ ಕೊಡಬೇಕಾಯಿತಲ್ಲ ಅಂತ ಯೋಚಿಸಿದರೆ ನನಗೆ ಆ ಗೆಲುವಿನ ಬಗ್ಗೆ ಖುಷಿಪಡಲು ಮನಸ್ಸು ಬರುವುದಿಲ್ಲ.

ಇರಲಿ. ನಮ್ಮ ದೇಶಕ್ಕೆ ಬರೋಣ.

ನಮ್ಮಲ್ಲಿ ಈ ಜಗಳಗಳಿಗೆ ಪ್ರತ್ಯೇಕ ಕಾನೂನು ಇರಲೇ ಇಲ್ಲ, ಈಗಲೂ ಅಮೆರಿಕದಂಥ ಪ್ರತ್ಯೇಕ ಕಾಯ್ದೆ ಇಲ್ಲ. ಯಾಹೂಇಂಡಿಯಾ ಡಾಟ್ ಕಾಂ ಇಟ್ಟುಕೊಂಡವರ ಮೇಲೆ ಯಾಹೂ ಕೊಟ್ಟ ದೂರಿನ ಬಗ್ಗೆ ದೆಹಲಿ ಹೈಕೋರ್ಟ್ 1999ರ ಫೆಬ್ರವರಿಯಲ್ಲಿ ಆದೇಶ ಕೊಟ್ಟಾಗ ಜಾರಿಯಲ್ಲಿದ್ದದ್ದು 1958ರ ಟ್ರೇಡ್‌ಮಾರ್ಕ್ ಕಾಯ್ದೆ. ಅದರಲ್ಲಿ ಸರಕುಗಳ ಮಾತಿತ್ತೇ ಹೊರತು ಸೇವೆಗಳದ್ದಲ್ಲ. ಸೋಪಿಗೆ, ಬೀಡಿಗೆ, ಚಹಾಪುಡಿಗೆ ಗುರುತು ನೋಂದಾಯಿಸಬಹುದು, ವೆಬ್‌ಸೈಟಿಗೆ ಹೇಗೆ? ನ್ಯಾಯಾಲಯ ಹಳೆಯ ಪೆಟ್ಟಿಗೆಯಿಂದ 'ಪಾಸಿಂಗ್ ಆಫ್' ಎಂಬ ಅಸ್ತ್ರ ತೆಗೆಯಿತು. ತನ್ನ ಮಾಲನ್ನು ಇನ್ನೊಬ್ಬರ ಮಾಲು ಅಂತ ಗಿರಾಕಿ ನಂಬುವ ಹಾಗೆ ಮಾಡಿ ಮಾರಬಾರದು, ಇಷ್ಟೇ ಅದರ ತಿರುಳು. ಬರಹದ ಕಾಯ್ದೆ ಬರುವ ಎಷ್ಟೋ ಮೊದಲಿನಿಂದ ಇಂಗ್ಲಿಷ್ ನ್ಯಾಯಾಲಯಗಳು ಕಟ್ಟಿಕೊಂಡು ಬಂದ ನಿಯಮ. ಬೋರ್ಡಿನ ಕಾಲದ ನಿಯಮವೇ ಬ್ರೌಸರ್ ಕಾಲಕ್ಕೂ ಬಂತು. ಸೇವೆಗಳನ್ನೂ ಸೇರಿಸಿದ 1999ರ ಹೊಸ ಕಾಯ್ದೆ ಜಾರಿಯಾಗಿದ್ದು 2003ರ ಸೆಪ್ಟೆಂಬರಿನಲ್ಲಿ.

ಅದೇ 1999 ನಮ್ಮಲ್ಲಿ ಡಾಟ್ ಕಾಂ ಜ್ವರದ ವರ್ಷ. ಸತ್ಯಂ ಇನ್ಫೋವೇ ಎಂಬ ಕಂಪನಿ ಅಕ್ಟೋಬರಿನಲ್ಲಿ ನಾಸ್ಡಾಕ್‌ಗೆ ಹೋಯಿತು. ಮರುತಿಂಗಳೇ ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್ ಕಂಪನಿಯನ್ನು 499 ಕೋಟಿ ರೂಪಾಯಿಗೆ ಕೊಂಡುಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಇಂಡಿಯಾವರ್ಲ್ಡ್ ಹತ್ತಿರ ಇದ್ದ ತಾಣಗಳ ಹೆಸರು ನೋಡಿ: ಸಮಾಚಾರ್, ಖೋಜ್, ಖೇಲ್, ಬಾವರ್ಚಿ. ಎಲ್ಲಕ್ಕೂ ಮುಂದೆ ಡಾಟ್ ಕಾಂ. ಅಮ್ಮ ಅಡುಗೆಮನೆಯಲ್ಲಿ ಆಡುವಂಥ ಮಾತುಗಳಿಗೆ ಕೋಟಿಗಟ್ಟಲೆ ಬೆಲೆ ಬರಬಹುದು ಅಂತ ದೇಶಕ್ಕೆ ಗೊತ್ತಾಗಿದ್ದು ಆವತ್ತು.

ಸತ್ಯಂ ಇನ್ಫೋವೇ ತನ್ನ ಹೆಸರನ್ನು ಚಿಕ್ಕದು ಮಾಡಿ 'ಸಿಫಿ' ಅಂತ ಒಂದು ಪದ ಹೊಸೆದಿತ್ತು. 1999ರ ಜೂನ್‌ನಲ್ಲಿ ಸಿಫಿನೆಟ್, ಸಿಫಿಮಾಲ್, ಸಿಫಿರಿಯಲ್‌ಎಸ್ಟೇಟ್ ಮುಂತಾದ ಡಾಟ್ ಕಾಂಗಳನ್ನು ನೋಂದಾಯಿಸಿತ್ತು. 2001ರಿಂದ ಇನ್ನೊಂದು ಕಂಪನಿ ಸಿಫ್ಫಿನೆಟ್ ಎಂಬ ಹೆಸರಿನಲ್ಲಿ ಇಂಟರ್ನೆಟ್ ಮಾರ್ಕೆಟಿಂಗ್ ಶುರು ಮಾಡಿತು. ಇಂಗ್ಲಿಷಿನಲ್ಲಿ ಒಂದು 'ಎಫ್' ಜಾಸ್ತಿ, ಅಷ್ಟೇ ವ್ಯತ್ಯಾಸ. ಇದು ಎಲ್ಲಿಂದ ಬಂತು ಅಂದರೆ, ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರ ಸೇರಿಸಿದ್ದೇವೆ ಅಂತ ಅವರ ಉತ್ತರ.

ಸತ್ಯಂ ಇನ್ಫೋವೇ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಬಂತು. ಅಲ್ಲಿ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಸಿಫ್ಫಿ ಕಡೆಯವರು ಕರ್ನಾಟಕ ಹೈಕೋರ್ಟಿಗೆ ಹೋದರು. ಹೈಕೋರ್ಟ್ ತಡೆಯಾಜ್ಞೆ ತೆರವು ಮಾಡಿತು. ನನಗೆ ಇಲ್ಲಿನ ವಾದ ಬಹಳ ಕುತೂಹಲದ್ದು. ಇಬ್ಬರ ವ್ಯಾಪಾರ ಬೇರೆ ಬೇರೆ, ಗಿರಾಕಿ ಮೋಸ ಹೋಗುವ ಸಂಭವ ಇಲ್ಲ. ಸಿಫ್ಫಿಯವರು ಬಂಡವಾಳ ಹಾಕಿದ್ದಾರೆ, ಸುಮಾರು 50,000 ಸದಸ್ಯರನ್ನು ಮಾಡಿಕೊಂಡಿದ್ದೇವೆ ಅನ್ನುತ್ತಾರೆ, ಈಗ ಹೆಸರು ಬಿಡಿ ಅಂದರೆ ಅವರಿಗೆ ಆಗುವ ನಷ್ಟ ದೊಡ್ಡದು. ದೊಡ್ಡವರಿಗಾದರೋ ಸತ್ಯಂ ಎಂಬ ಇನ್ನೊಂದು ಹೆಸರು ಇದ್ದೇ ಇದೆಯಲ್ಲ! ಒಂಥರಾ ನಮ್ಮ ಹಳ್ಳಿ ಪಂಚಾಯ್ತಿಕಟ್ಟೆಯ ನ್ಯಾಯ. ಇರುವವನು ಬಿಟ್ಟುಕೊಡಲಿ, ಇಲ್ಲದವನು ಬದುಕಿಕೊಳ್ಳಲಿ.

2004ರ ಮೇ 6ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿಗಳಾದ ರೂಮಾ ಪಾಲ್ ಮತ್ತು ಪಿ. ವೆಂಕಟರಾಮ ರೆಡ್ಡಿ ಅವರ ಪೀಠ. ಡೊಮೈನ್ ಹೆಸರು ಹುಟ್ಟಿದ್ದು ಕಂಪ್ಯೂಟರಿನ ವಿಳಾಸವಾಗಿ, ಆದರೆ ಇವತ್ತು ಅದು ವ್ಯಾಪಾರದ ಗುರುತು ಅಂತ ತೀರ್ಪು ವಿವರಿಸುತ್ತದೆ. ಆಮೇಲೆ ಬರುವ ಮಾತಿನಲ್ಲಿ ನಮ್ಮ ಮೂವರು ಮಂಜುನಾಥರೇ ಇದ್ದಾರೆ ಅಂತ ನನಗನ್ನಿಸಿತು. ಒಂದೇ ಟ್ರೇಡ್‌ಮಾರ್ಕಿಗೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಒಡೆಯರು ಇರಬಹುದು, ಡೊಮೈನ್ ಹೆಸರಿಗೆ ಅಂಥ ಗಡಿ ಇಲ್ಲ, ಅದನ್ನು ಎಲ್ಲಿಂದ ಬೇಕಾದರೂ ತೆರೆಯಬಹುದು. ಹೀಗಾಗಿ ಗೊಂದಲವೂ ಜಾಸ್ತಿ, ಹಾನಿಯೂ ಜಾಸ್ತಿ. ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ ಪಾಸಿಂಗ್ ಆಫ್ ನಿಯಮದಡಿ ಡೊಮೈನ್ ಹೆಸರಿಗೆ ರಕ್ಷಣೆ ಉಂಟು ಅಂತ ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದ್ದು ಈ ಕೇಸಿನಲ್ಲಿ. ಐವರ ಮೊದಲಕ್ಷರದ ಕಥೆಯನ್ನು ನ್ಯಾಯಾಲಯ ನಂಬಲಿಲ್ಲ. ಸಿವಿಲ್ ಕೋರ್ಟಿನ ತಡೆಯಾಜ್ಞೆ ಮತ್ತೆ ಜಾರಿಗೆ ಬಂತು.

ಉಝಿ ಉಳಿಸಿಕೊಂಡರು, ಸಿಫ್ಫಿಯವರು ಕಳೆದುಕೊಂಡರು. ಎರಡರಲ್ಲೂ ಸಣ್ಣವರು, ದೊಡ್ಡವರು ಇದ್ದರು. ವ್ಯತ್ಯಾಸ ಎಲ್ಲಿ? ಉಝಿ ಹತ್ತಿರ ಪಾಸ್‌ಪೋರ್ಟಿನಲ್ಲಿ ಆ ಹೆಸರಿತ್ತು, 1980ರಿಂದ ಅಂಗಡಿಯ ಬೋರ್ಡಿನಲ್ಲಿತ್ತು, ಬಿಲ್ಲಿನಲ್ಲಿತ್ತು. ಸಿಫ್ಫಿಯವರ ಹತ್ತಿರ ಇದ್ದದ್ದು ನೋಂದಣಿ ಮತ್ತು ಒಂದು ವಿವರಣೆ. ಯಂತ್ರ ನೋಡುವುದು ಯಾರು ಮೊದಲು ಕರ್ಚೀಫ್ ಹಾಕಿದರು ಅಂತ. ಕೋರ್ಟು ನೋಡುವುದು ಆ ಹೆಸರಿನಲ್ಲಿ ಯಾರು ಎಷ್ಟು ದಿನದಿಂದ ವ್ಯಾಪಾರ ಮಾಡಿ ಜನರ ನಂಬಿಕೆ ಗಳಿಸಿದ್ದಾರೆ ಅಂತ. ಹಾಗಾಗಿ ಡೊಮೈನ್ ಹೆಸರು ಕೇಳಿಕೊಂಡು ಬರುವ ಅಂಗಡಿಯವರಿಗೆ ನಾನು ಮೊದಲು ಹೇಳೋದು, ಹಳೇ ಬಿಲ್ ಪುಸ್ತಕ, ಅಂಗಡಿ ಲೈಸೆನ್ಸು, ಬೋರ್ಡಿನ ಹಳೇ ಫೋಟೋ ಇದ್ದರೆ ಎಸೆಯಬೇಡಿ ಅಂತ. ಅವರು 'ಇವನಿಗೇನಾಯ್ತು, ವೆಬ್‌ಸೈಟ್ ಮಾಡಿಕೊಡು ಅಂದ್ರೆ ರದ್ದಿ ಕೇಳ್ತಾನೆ' ಅನ್ನೋ ಹಾಗೆ ನೋಡ್ತಾರೆ :)

ನವೀಕರಣದ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಬೋರ್ಡನ್ನು ಒಮ್ಮೆ ಬರೆಸಿದರೆ ಮುಗಿಯಿತು, ಡೊಮೈನ್‌ಗೆ ಬಾಡಿಗೆ ಕಟ್ಟುತ್ತಲೇ ಇರಬೇಕು. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರಿಗೆ ದುಡ್ಡು ಕಟ್ಟೋದು ಮರೆತು, ಹಾಟ್‌ಮೇಲ್ ಲಾಗಿನ್ ನಿಂತುಹೋಯಿತು. ಟೆನೆಸಿಯ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕ್ರೆಡಿಟ್ ಕಾರ್ಡಿನಿಂದ 35 ಡಾಲರ್ ಕಟ್ಟಿ ಸರಿ ಮಾಡಿದ. ಅಷ್ಟು ದೊಡ್ಡವರಿಗೇ ಹೀಗಾದರೆ ಮೂಲೆ ಮಂಜುನಾಥರ ಗತಿ ಏನು?

ಡಾಟ್ ಇನ್ ವಿಷಯದಲ್ಲಿ ನಾವು ತಡ ಮಾಡಿದೆವು. ಆ ಕೊಂಬೆ ಭಾರತಕ್ಕೆ ಸಿಕ್ಕಿದ್ದು 1989ರಲ್ಲೇ. ಆದರೆ ನಿಯಮಗಳು ಬಿಗಿ, 2004ರ ತನಕ ಅದರಲ್ಲಿ ನೋಂದಣಿಯಾದ ಹೆಸರುಗಳು ಸುಮಾರು 7,000 ಮಾತ್ರ. 2005ರಲ್ಲಿ ನಿಕ್ಸಿ ಸಂಸ್ಥೆಯ ಮೂಲಕ ಎಲ್ಲರಿಗೂ ಬಾಗಿಲು ತೆರೆಯಿತು. ಮೊದಲು ಟ್ರೇಡ್‌ಮಾರ್ಕ್ ಇದ್ದವರಿಗೆ, ಆಮೇಲೆ ಫೆಬ್ರವರಿಯಲ್ಲಿ ಉಳಿದವರಿಗೆ. ಅಷ್ಟರಲ್ಲಿ ವ್ಯಾಪಾರಿಗಳ ಮನಸ್ಸಿನಲ್ಲಿ ಡಾಟ್ ಕಾಂ ಊರಿಬಿಟ್ಟಿತ್ತು. ಕನ್ನಡಿಗರು ಓದುತ್ತಿದ್ದ ದಟ್ಸ್‌ಕನ್ನಡ ಕೂಡ ಡಾಟ್ ಕಾಂ ಆಗಿಯೇ ಇತ್ತು, ಮುಂದೆ ಒನ್‌ಇಂಡಿಯಾ ಕನ್ನಡ ಆಯಿತು.

ಕನ್ನಡ ಹೆಸರಿಗೆ ಇನ್ನೊಂದು ತಾಪತ್ರಯ. ಸಿಫಿ, ಸಿಫ್ಫಿ ಅಂತ ಕನ್ನಡದಲ್ಲಿ ಬರೆದರೆ ಒತ್ತಕ್ಷರ ಕಿವಿಗೂ ಕೇಳುತ್ತದೆ, ಕಣ್ಣಿಗೂ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಯಾವುದಕ್ಕೂ ಖಾತರಿ ಇಲ್ಲ. 'ಲಕ್ಷ್ಮಿ' ಅನ್ನೋದನ್ನೇ ತೆಗೆದುಕೊಳ್ಳಿ. ಕೆಎಸ್ಎಚ್ ಹಾಕುವವರಿದ್ದಾರೆ, ಎಕ್ಸ್ ಹಾಕುವವರಿದ್ದಾರೆ, ಕೊನೆಗೆ ಐ ಒಂದಾ, ಇ ಎರಡಾ? ದೀರ್ಘಕ್ಕೆ ಎರಡು ಎ ಬೇಕಾ? ಅಂಗಡಿಯವರು ಒಂದು ಕಾಗುಣಿತ ಆರಿಸಿದರೆ ಗಿರಾಕಿ ಇನ್ನೊಂದನ್ನು ಕುಟ್ಟುತ್ತಾನೆ, ಪಕ್ಕದ ಊರಿನ ಲಕ್ಷ್ಮಿ ಸ್ಟೋರ್ಸಿಗೆ ಹೋಗಿ ಬೀಳುತ್ತಾನೆ. ಇದರಲ್ಲಿ ಯಾರದ್ದೂ ಮೋಸ ಇಲ್ಲ, ಆದರೂ ಗಿರಾಕಿ ತಪ್ಪಿಹೋದ.

ಹಾಗಾದರೆ ಕನ್ನಡದಲ್ಲೇ ಹೆಸರಿಟ್ಟರೆ? ಡೊಮೈನ್ ವ್ಯವಸ್ಥೆ ಒಳಗಡೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನನ್ನೂ ಬಳಸುವುದಿಲ್ಲ. 2003ರಲ್ಲಿ ಪ್ಯೂನಿಕೋಡ್ ಎಂಬ ಉಪಾಯ ಬಂತು. ಯಾವ ಲಿಪಿಯನ್ನೇ ಆಗಲಿ ಇಂಗ್ಲಿಷ್ ಅಕ್ಷರಗಳ ಗೂಢಲಿಪಿಯಾಗಿ ಬದಲಾಯಿಸುವುದು. ಈಗ ಕನ್ನಡದಲ್ಲೇ ಡಾಟ್ ಭಾರತ ಇದೆ. ಆದರೆ ಕಂಪ್ಯೂಟರಿನ ಒಳಗೆ ನಮ್ಮ 'ಭಾರತ'ದ ವೇಷ ಹೀಗಿರುತ್ತದೆ: ಎಕ್ಸ್ ಎನ್ ಅಡ್ಡಗೆರೆ ಅಡ್ಡಗೆರೆ 2 ಎಸ್ ಸಿ ಆರ್ ಜೆ 9 ಸಿ. ಕೆಲವು ಈಮೇಲ್ ತಂತ್ರಾಂಶಗಳಲ್ಲಿ ಕನ್ನಡದ ಹೆಸರು ಹಾಕಿದರೆ ಹೊರಗೂ ಅದೇ ವೇಷದಲ್ಲಿ ಬಂದು ನಿಲ್ಲುತ್ತದೆ. ವಿಸಿಟಿಂಗ್ ಕಾರ್ಡಿಗೆ ಅದನ್ನು ಹಾಕಿಸಿಕೊಳ್ಳೋ ಧೈರ್ಯ ಯಾವ ಅಂಗಡಿಯವರಿಗಿದೆ?

ಯುನಿಕೋಡ್ ಕನ್ನಡದಲ್ಲಿ ಬರೆಯುವ ನಮಗೆಲ್ಲ ಇನ್ನೊಬ್ಬ ಹಳೇ ಪರಿಚಿತನ ಕಾಟವೂ ಇಲ್ಲುಂಟು, ಕಣ್ಣಿಗೆ ಕಾಣದ ಆ ಜೋಡಣೆ ತಪ್ಪಿಸುವ ಅಕ್ಷರ, ಝಡ್‌ಡಬ್ಲ್ಯೂಎನ್‌ಜೆ. 'ಸಾಫ್ಟ್‌ವೇರ್' ಅಂತ ಬಿಡಿಸಿ ಬರೆಯಲು ಅದು ಬೇಕು. 2003ರ ನಿಯಮ ಡೊಮೈನ್ ಹೆಸರಿನಲ್ಲಿ ಅದನ್ನು ಸದ್ದಿಲ್ಲದೆ ಅಳಿಸಿ ಹಾಕುತ್ತಿತ್ತು, ಸಾಫ್ಟ್‌ವೇರ್ ಹೋಗಿ 'ಸಾಫ್ಟ್ವೇರ್' ಆಗುತ್ತಿತ್ತು. 2010ರಲ್ಲಿ ಬಂದ ಪರಿಷ್ಕೃತ ನಿಯಮಗಳಲ್ಲಿ ಹಲಂತದ ನಂತರ ಅದು ಬರಬಹುದು ಅಂತಾಯಿತು.

ಕರ್ಚೀಫ್ ಹಾಕುವವರಿಗೆ ಇಲ್ಲೂ ಜಾಗ ಇದೆಯಾ ಅಂದರೆ, ಇದೆ. ಕನ್ನಡದ 'ಅ' ಮತ್ತು ತೆಲುಗಿನ 'ಅ' ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ, ನಮ್ಮ ಕಣ್ಣಿಗೆ ಒಂದೇ. 'ರ', 'ಗ', ಸೊನ್ನೆ ಕೂಡ ಹಾಗೇ. ಅಂದರೆ ನೋಡಲು ಅಚ್ಚಗನ್ನಡದಂತೆಯೇ ಕಾಣುವ, ಒಂದು 'ಎಫ್' ಕೂಡ ಜಾಸ್ತಿ ಇಲ್ಲದ, ಇನ್ನೊಬ್ಬರ ಹೆಸರನ್ನು ತೆಲುಗು ಅಕ್ಷರಗಳಿಂದ ಕಟ್ಟಬಹುದು. ಐಕ್ಯಾನ್ ಸಂಸ್ಥೆಗಾಗಿ ಬ್ರಾಹ್ಮಿ ಮೂಲದ ಲಿಪಿಗಳ ಬಗ್ಗೆ ಕೆಲಸ ಮಾಡಿದ ನಿಯೋ-ಬ್ರಾಹ್ಮಿ ತಜ್ಞರ ತಂಡ ಇಂಥ ಕನ್ನಡ-ತೆಲುಗು ಜೋಡಿಗಳನ್ನು ಒಂದೊಂದಾಗಿ ಕೂತು ಪಟ್ಟಿ ಮಾಡಿದೆ. ಡಾಟ್‌ನ ಬಲಗಡೆ ಬರುವ ತುದಿಯ ಹೆಸರುಗಳಲ್ಲಿ ಜೋಡಿಯ ಒಂದು ಅಕ್ಷರದಿಂದ ಕಟ್ಟಿದ ಹೆಸರು ಒಬ್ಬರಿಗೆ ಹೋದರೆ, ಇನ್ನೊಂದರಿಂದ ಕಟ್ಟಿದ ಅವಳಿ ಹೆಸರು ಬೇರೆಯವರ ಕೈಗೆ ಹೋಗದಂತೆ ತಡೆಯುವುದು ಆ ಪಟ್ಟಿಯ ಕೆಲಸ. ಪುರುಸೊತ್ತಿದ್ದಾಗ ಆ ಪಟ್ಟಿ ತೆಗೆದು ನೋಡಿ. ಹಲ್ಮಿಡಿ ಕಾಲದಿಂದ ಅಕ್ಕಪಕ್ಕ ಬೆಳೆದ ಎರಡು ಲಿಪಿಗಳು ಎಲ್ಲೆಲ್ಲಿ ಇನ್ನೂ ಒಂದೇ ಮುಖ ಇಟ್ಟುಕೊಂಡಿವೆ ಅಂತ ಅದರಲ್ಲಿ ಸಾಲಾಗಿ ಸಿಗುತ್ತದೆ.